ಕಿಡ್ನಿಯವರಿಗೆ ಪ್ರೋಟೀನ್ ತಿಂಡಿ: ಯಾವ ಕಿಡ್ನಿಯವರಿಗೆ ಅಂತ ಮೊದಲು ಬರೀರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕಿಡ್ನಿ ತೊಂದರೆ ಇರೋರಿಗೆ ಹೈ ಪ್ರೋಟೀನ್ ತಿಂಡಿ ಅಂತ ಅರ್ಧ ಪುಟ ಬಂದಿತ್ತಲ್ಲ, ಖರ್ಜೂರ, ಅಂಜೂರ, ಬಾದಾಮಿ, ಕುಂಬಳಬೀಜ, ಬೆಲ್ಲ ಹಾಕಿ ಉಂಡೆ ಕಟ್ಟೋದು, ಅದರ ಪಕ್ಕದಲ್ಲೇ ಎಳನೀರಿಗೆ ಪ್ರೋಟೀನ್ ಪೌಡರ್ ಕಲಸಿ ಕುಡಿಯೋದು, ಅದನ್ನ ಓದಿದವಳೇ ಪೇಪರ್ ಮಡಚಿ ಫ್ರಿಜ್ ಮೇಲೆ ಹಾಕಿದೆ. ಯಾಕಂದ್ರೆ ನಮ್ಮನೆಯವರ ಕಣ್ಣಿಗೆ ಬಿದ್ರೆ "ನೋಡು, ಪೇಪರ್‌ನಲ್ಲೇ ಬಂದೈತೆ" ಅಂತ ಸಂಜೆಗೇ ಉಂಡೆ ಕೇಳ್ತಾರೆ, ಬೇಡ ಅಂದ್ರೆ ನಾನೇ ಕೆಟ್ಟೋಳು ಆಗ್ತೀನಿ. ಅವರಿಗೆ ಡಯಾಲಿಸಿಸ್ ಶುರುವಾಗಿ ಮೂರು ವರ್ಷ ದಾಟಿತು. ಮಂಗಳವಾರ ಮತ್ತು ಶುಕ್ರವಾರ, ಪ್ರತಿ ಸಲ ನಾಲ್ಕು ತಾಸು. ಈ ಮೂರು ವರ್ಷದಲ್ಲಿ ನಾನು ಓದಿದ್ದಕ್ಕಿಂತ ವಾರ್ಡಿನ ಹೊರಗಡೆ ಬೆಂಚ್ ಮೇಲೆ ಕೂತು ಕಲಿತಿದ್ದೇ ಜಾಸ್ತಿ, ಅದನ್ನೇ ಬರೀತಿದೀನಿ.

ಮೊದಲು ಉಂಡೆ ವಿಷಯ. ಬಾದಾಮಿ 100 ಗ್ರಾಂನಲ್ಲಿ ಪ್ರೋಟೀನ್ 20 ಗ್ರಾಂ ಹತ್ರ ಇರುತ್ತೆ ನಿಜ, ಆದ್ರೆ ಪೊಟ್ಯಾಸಿಯಂ 700 ಮಿಲಿಗ್ರಾಂ ಹತ್ರ ಇರುತ್ತೆ, ಫಾಸ್ಫರಸ್ಸೂ ಕಮ್ಮಿ ಏನಿಲ್ಲ, ಖರ್ಜೂರದಲ್ಲೂ ಪೊಟ್ಯಾಸಿಯಂ ಅಷ್ಟೇ ಜೋರು. ನಮ್ಮನೆಯವರಿಗೆ ಇಡೀ ದಿನಕ್ಕೆ ಹೇಳಿರೋ ಪೊಟ್ಯಾಸಿಯಂ ಲೆಕ್ಕ 2000 ಮಿಲಿಗ್ರಾಂ. ಎಳನೀರು ಅಂದ್ರೆ ಕೇಳ್ಲೇಬೇಡಿ, ಒಂದು ದೊಡ್ಡ ಲೋಟಕ್ಕೇ 500 ಮಿಲಿಗ್ರಾಂ ಆಗುತ್ತೆ. ಕಿಡ್ನಿ ನೆಟ್ಟಗಿರೋರಿಗೆ ಇದೆಲ್ಲ ಮೂತ್ರದಲ್ಲಿ ಹೋಗ್ಬಿಡುತ್ತೆ, ಇವರಿಗೆ ಹೋಗೋ ದಾರಿಯೇ ಇಲ್ಲ, ರಕ್ತದಲ್ಲೇ ನಿಲ್ಲುತ್ತೆ, ಜಾಸ್ತಿ ಆದ್ರೆ ಹಾರ್ಟಿನ ಬಡಿತಾನೇ ಹದ ತಪ್ಪುತ್ತೆ. ಎಳನೀರು ತಂಪು, ಒಳ್ಳೇದು ಅಂತ ನೆಂಟರು ತಂದು ಕೊಡೋದನ್ನ ನಿಲ್ಸೋಕೆ ನನಗೆ ಒಂದು ವರ್ಷ ಹಿಡೀತು. ಈಗ ನಿಮ್ಮ ಪೇಪರ್ ಕೈಯಲ್ಲಿ ಹಿಡ್ಕೊಂಡು ಮತ್ತೆ ಬರ್ತಾರೆ ನೋಡಿ.

ಇನ್ನೊಂದು ತಪ್ಪು ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತೆ. ನಿಮ್ಮ ಪೇಪರ್ ಒಂದೇ ಅಂತಲ್ಲ, ಎಲ್ಲರೂ ಮಾಡ್ತಾರೆ. "ಕಿಡ್ನಿ ರೋಗಿಗಳು" ಅಂತ ಒಂದೇ ಹೆಸರಲ್ಲಿ ಎಲ್ಲರನ್ನೂ ಸೇರಿಸಿ ಬರೀತೀರಿ. ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋತಂಗೆಲ್ಲಾ ರಕ್ತದಲ್ಲಿ ಸೇರ್ಕೊಳ್ಳೋ ಕಸ, ಏರ್ತಾ ಇದೆ, ಇನ್ನೂ ಡಯಾಲಿಸಿಸ್ ಶುರುವಾಗಿಲ್ಲ ಅನ್ನೋರಿಗೆ ಡಾಕ್ಟರು ಪ್ರೋಟೀನ್ ಹಿಡಿತದಲ್ಲಿಡಿ ಅಂತಾರೆ, ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ 0.6ರಿಂದ 0.8 ಗ್ರಾಂ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ಉಲ್ಟಾ, 1ರಿಂದ 1.2 ಗ್ರಾಂ ಬೇಕು. ಅಂದ್ರೆ 60 ಕೆಜಿ ಮನುಷ್ಯನಿಗೆ ಮೊದಲು 36ರಿಂದ 48 ಗ್ರಾಂ ಇದ್ದದ್ದು ಆಮೇಲೆ 60ರಿಂದ 72 ಗ್ರಾಂ ಆಗುತ್ತೆ. ಯಾಕೆ ಅಂದ್ರೆ ಆ ಮಿಷನ್ನು ರಕ್ತದಲ್ಲಿರೋ ಕೆಟ್ಟದ್ದನ್ನಷ್ಟೇ ತೆಗೆಯಲ್ಲ, ಜೊತೆಗೆ ಒಳ್ಳೇದನ್ನೂ ಎಳ್ಕೊಳ್ಳುತ್ತೆ, ಒಂದು ಸಲ ಕೂತು ಎದ್ರೆ 6ರಿಂದ 12 ಗ್ರಾಂ ಅಮೈನೋ ಆಸಿಡ್, ಅಂದ್ರೆ ಪ್ರೋಟೀನಿನ ಚೂರುಗಳು, ಹೋಗುತ್ತೆ, ಅಂದ್ರೆ ಎರಡರಿಂದ ನಾಲ್ಕು ಮೊಟ್ಟೆಯ ಬಿಳಿಭಾಗ ಚರಂಡಿಗೆ ಹೋದಂಗೆ. ಹೊಟ್ಟೆಗೆ ನಳಿಕೆ ಹಾಕಿ ಮನೇಲೇ ಡಯಾಲಿಸಿಸ್ ಮಾಡ್ಕೊಳ್ಳೋರಿಗೂ ದಿನಾ ಪ್ರೋಟೀನ್ ಸೋರಿ ಹೋಗ್ತಾನೇ ಇರುತ್ತೆ.

ಇದು ನಮಗೆ ಗೊತ್ತಿರ್ಲಿಲ್ಲ. ಡಯಾಲಿಸಿಸ್‌ಗೆ ಮೊದಲು ಯಾವುದೋ ಪೇಪರ್‌ನಿಂದ ಕತ್ತರಿಸಿದ ಒಂದು ಬಾಕ್ಸ್ ಐಟಂನ ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದ್ದೆ. ಬೇಳೆ, ಮೊಟ್ಟೆ, ಪನೀರ್, ಹಾಲು ಕಡಿಮೆ ಮಾಡಿ ಅಂತ. ಆಗ ಅದು ಸರಿಯೇ ಇತ್ತು. ಡಯಾಲಿಸಿಸ್ ಶುರುವಾದ ಮೇಲೂ ಆ ಚೀಟಿ ಅಲ್ಲೇ ಇತ್ತು, ನಾನೂ ಅದನ್ನೇ ನೋಡ್ಕೊಂಡು ಅನ್ನಕ್ಕೆ ತಿಳಿಸಾರು ಬಿಡ್ತಾ ಇದ್ದೆ, ಐದು ತಿಂಗಳು. ಇವರ ವಾಚು ಮಣಿಕಟ್ಟಿಂದ ಜಾರಿ ಮೊಣಕೈ ಕಡೆ ಹೋಗೋದು, ಕುರ್ಚಿಯಿಂದ ಏಳೋಕೆ ಎರಡೂ ಕೈ ಊರಬೇಕು, ಆದ್ರೆ ತೂಕ ನೋಡಿದ್ರೆ ಅಷ್ಟೇ ಇದೆ, ಹಂಗಾಗಿ ಸರಿ ಇದಾರೆ ಅಂತ ನಾವು ಅಂದ್ಕೊಂಡಿದ್ವಿ. ಮೈಯಲ್ಲಿ ನೀರು ತುಂಬಿ ತೂಕದ ಮಿಷನ್ ಸುಳ್ಳು ಹೇಳ್ತಿತ್ತು, ಒಳಗೆ ಮಾಂಸ ಕರಗ್ತಿತ್ತು. ರಕ್ತ ಪರೀಕ್ಷೆಯಲ್ಲಿ ಆಲ್ಬುಮಿನ್, ಅಂದ್ರೆ ರಕ್ತದಲ್ಲಿರೋ ಪ್ರೋಟೀನ್, 2.9 ಬಂತು, ಇರಬೇಕಾದ್ದಕ್ಕಿಂತ ಕಮ್ಮಿ. ಆಗ ಆಹಾರತಜ್ಞೆ ಒಬ್ಬರು, ಚಿಕ್ಕ ಹುಡುಗಿ, ನಮ್ಮ ಮಗಳ ವಯಸ್ಸು, "ಆಂಟಿ ನೀವು ಇವರನ್ನ ಉಪವಾಸ ಕೆಡವಿದೀರಿ" ಅಂದ್ಲು. ಸಿಟ್ಟು ಬಂತು, ಆಮೇಲೆ ಮನೆಗೆ ಬಂದು ಬಾಗಿಲ ಹಿಂದಿನ ಚೀಟಿ ಕಿತ್ತು ಹಾಕ್ದೆ, ಗೋಂದು ಹಿಡಿದ ಗುರುತು ಇನ್ನೂ ಇದೆ.

ಅವಳು ಹೇಳಿದ್ದು, ಮೂರು ಹೊತ್ತಿನ ಊಟದಲ್ಲೇ ಎಲ್ಲಾ ಪ್ರೋಟೀನ್ ತುಂಬೋಕೆ ಆಗಲ್ಲ, ಇವರಿಗೆ ಹಸಿವೇ ಇರಲ್ಲ, ಬಾಯಿ ರುಚಿ ಕೆಟ್ಟಿರುತ್ತೆ, ಮಧ್ಯೆ ಎರಡು ಸಲ ಸಣ್ಣದಾಗಿ ತಿನ್ನೋಕೆ ಕೊಡಿ, ಒಂದೊಂದರಲ್ಲಿ 8ರಿಂದ 10 ಗ್ರಾಂ ಬಂದ್ರೂ ಸಾಕು, ಆದ್ರೆ ಉಪ್ಪು ಕಮ್ಮಿ, ಪೊಟ್ಯಾಸಿಯಂ ಕಮ್ಮಿ, ಫಾಸ್ಫರಸ್ ಕಮ್ಮಿ, ನೀರೂ ಕಮ್ಮಿ ಇರಬೇಕು. ಹೇಳೋಕೆ ಏನು, ಹೇಳಿ ಹೋದ್ಲು. ಇಷ್ಟೆಲ್ಲ ಕಮ್ಮಿ ಮಾಡಿದ ಮೇಲೆ ಉಳಿಯೋದೇನು ಅಂತ ಯೋಚನೆ ಮಾಡ್ತಾ ನಾನು ಬಸ್ಸಲ್ಲಿ ಕೂತಿದ್ದೆ.

ಉಳಿದಿದ್ದು ಮೊಟ್ಟೆಯ ಬಿಳಿಭಾಗ. ಒಂದರಲ್ಲಿ 3 ಗ್ರಾಂಗಿಂತ ಸ್ವಲ್ಪ ಮೇಲೆ ಪ್ರೋಟೀನ್, ಫಾಸ್ಫರಸ್ ಇಲ್ಲ ಅನ್ನೋಷ್ಟು ಕಮ್ಮಿ, ಪೊಟ್ಯಾಸಿಯಂ 50 ಮಿಲಿಗ್ರಾಂ ಆಸುಪಾಸು. ಫಾಸ್ಫರಸ್ ಎಲ್ಲಾ ಇರೋದು ಹಳದಿಯಲ್ಲಿ. ಇದಕ್ಕಿಂತ ಒಳ್ಳೇ ಲೆಕ್ಕ ಬೇರೆ ಯಾವುದರಲ್ಲೂ ಸಿಗಲ್ಲ, ಬೆಲೆಯಲ್ಲೂ ಸಿಗಲ್ಲ. ತೊಂದರೆ ಏನಂದ್ರೆ ನಮ್ಮದು ಮೊಟ್ಟೆ ಹೊಸಿಲು ದಾಟದ ಮನೆ. ನಮ್ಮತ್ತೆಗೆ ಎಂಬತ್ತರ ಹತ್ರ. ಎರಡು ದಿನ ಮಾತೇ ಆಡ್ಲಿಲ್ಲ. ಮೂರನೇ ದಿನ ಬೆಳಗ್ಗೆ ಕಾಫಿ ಕುಡೀತಾ, "ಔಷಧಿ ಅನ್ಕಂಡು ಮಾಡವ್ವಾ, ಆದ್ರೆ ನನ್ ಒಲಿ ಮುಟ್ಟಿಸಬ್ಯಾಡ" ಅಂದ್ರು. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಒಂದು ಸಿಂಗಲ್ ಬರ್ನರ್ ಸ್ಟವ್ ಇಟ್ಟೆ, ಪಾತ್ರೆ ಬೇರೆ, ಸೌಟು ಬೇರೆ, ಪಡ್ಡಿನ ಹಂಚೂ ಬೇರೆ ಕೊಂಡೆ. ಮೊಟ್ಟೆ ಬೇಯಿಸಿ ಬಿಳಿಭಾಗ ಮಾತ್ರ ಬಿಡಿಸಿ ಕೊಟ್ರೆ ಇವರು ಒಂದು ವಾರ ತಿಂದ್ರು, ಆಮೇಲೆ ವಾಸನೆ ಅಂದ್ರು. ಹುಟ್ಟಿದಾಗಿಂದ ತಿನ್ನದವರು ತಾನೇ.

ಅದಕ್ಕೇ ಪಡ್ಡು. ಅಳತೆ ಹೇಳ್ತೀನಿ. ಮೂರು ಮೊಟ್ಟೆಯ ಬಿಳಿಭಾಗ, ಎರಡು ಟೇಬಲ್ ಚಮಚ ಸಣ್ಣ ರವೆ, ಅರ್ಧ ಈರುಳ್ಳಿ ಸಣ್ಣಗೆ ಹೆಚ್ಚಿದ್ದು, ಒಂದು ಹಸಿಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಎರಡು ಎಸಳು, ಜೀರಿಗೆ, ಕುಟ್ಟಿದ ಕಾಳುಮೆಣಸು, ಚಿಟಿಕೆ ಅರಿಶಿನ, ಕೊತ್ತಂಬರಿ ಸ್ವಲ್ಪ. ಉಪ್ಪು ಇಲ್ಲ, ಸೋಡಾನೂ ಇಲ್ಲ, ಅಡುಗೆ ಸೋಡಾದಲ್ಲೂ ಸೋಡಿಯಂ ಇರುತ್ತೆ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ಬಿಳಿಭಾಗನ ಮೊದಲು ಬೇರೆ ಬಟ್ಟಲಲ್ಲಿ ನೊರೆ ಬರೋ ತನಕ ಬಡೀಬೇಕು, ಆಮೇಲೆ ರವೆ ಸೇರಿಸಿ ಐದು ನಿಮಿಷ ಬಿಡಬೇಕು. ಹಂಚು ಚೆನ್ನಾಗಿ ಕಾಯಬೇಕು, ಗುಳಿಗೆ ಎಣ್ಣೆ ಧಾರಾಳ ಬಿಡಬೇಕು, ಕಂಜೂಸ್ ಮಾಡಿದ್ರೆ ಬಿಳಿಭಾಗ ಹಂಚಿಗೆ ಹಿಡ್ಕೊಂಡು ಬರೋದೇ ಇಲ್ಲ, ನಾನು ಮೊದಲ ದಿನ ಚಾಕು ಹಾಕಿ ಕೆರೆದಿದೀನಿ, ಮತ್ತೆ ಇವರಿಗೆ ಕ್ಯಾಲೊರಿನೂ ಬೇಕು, ಎಣ್ಣೆಗೆ ಹೆದರೋದು ಬೇಡ ಅಂತ ನಮಗೆ ಹೇಳಿದಾರೆ. ಹಾಕಿದ ಕೂಡ್ಲೇ ಪೂರಿ ಥರ ಉಬ್ಬುತ್ತೆ, ತೆಗೆದ ಕೂಡ್ಲೇ ಕುಸಿಯುತ್ತೆ, ಗಾಬರಿ ಬೇಡ. ಎರಡೂ ಕಡೆ ಕೆಂಪಗಾಗೋ ತನಕ ಬೇಯಿಸಿ, ಹಸಿ ಉಳೀಬಾರದು. ಏಳು ಗುಳಿ ಹಂಚಿಗೆ ಸರಿಯಾಗಿ ಬರುತ್ತೆ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. 10 ಗ್ರಾಂ ಪ್ರೋಟೀನ್ ಬಂತು. ಉಪ್ಪಿಲ್ಲದ್ದು ಹುಳಿ ಮತ್ತು ಖಾರದಲ್ಲಿ ಮುಚ್ಚಿ ಹೋಗುತ್ತೆ, ಪೂರ್ತಿ ಅಲ್ಲ, ಮುಕ್ಕಾಲು. ಮೊದಲ ಸಲ ತಿಂದು ಇವರು "ಪಡ್ಡಲ್ಲ ಇದು, ಸ್ಪಂಜು" ಅಂದ್ರು, ಆದ್ರೆ ಏಳೂ ಖಾಲಿ ಆಗಿತ್ತು. ಉಳಿದ ಹಳದಿ ಪಕ್ಕದ ಮನೆ ಹುಡುಗನಿಗೆ, ಅವನು ಈಗ ಕಬಡ್ಡಿ ಟೀಮ್‌ಗೆ ಸೇರಿದಾನೆ.

ಮೊಟ್ಟೆ ಆಗೋದೇ ಇಲ್ಲ ಅನ್ನೋ ಮನೆಗಳಿಗೆ ಪನೀರು, ಆದ್ರೆ ಮನೇಲಿ ಒಡೆದದ್ದು. ಇದರಲ್ಲಿ ಒಂದು ಗುಟ್ಟು ಇದೆ, ಯಾರೂ ಬರೆಯಲ್ಲ. ಡಯಾಲಿಸಿಸ್‌ನವರಿಗೆ ನೀರಿನ ಲೆಕ್ಕ ಇರುತ್ತಲ್ಲ, ದಿನಕ್ಕೆ ಎಷ್ಟು ಮೂತ್ರ ಹೋಗುತ್ತೋ ಅದರ ಮೇಲೆ ಅರ್ಧ ಲೀಟರ್ ಅಂತ ಸಾಮಾನ್ಯವಾಗಿ ಹೇಳ್ತಾರೆ, ಅದರಲ್ಲಿ ಕಾಫಿ, ಸಾರು, ಮಜ್ಜಿಗೆ ಎಲ್ಲಾ ಬಂತು. ಅರ್ಧ ಲೀಟರ್ ಹಾಲು ಕುಡಿಸಿದ್ರೆ ಆ ಲೆಕ್ಕ ಅಲ್ಲಿಗೇ ಮುಗೀತು. ಅದೇ ಹಾಲು ಕುದಿಸಿ ನಿಂಬೆರಸ ಹಾಕಿ ಒಡೆದು, ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ನೇತು ಹಾಕಿದ್ರೆ ನೀರೆಲ್ಲಾ ಇಳಿದು ಹೋಗಿ ಒಂದು ಹಿಡಿ ಪನೀರು ಉಳಿಯುತ್ತೆ, 12 ಗ್ರಾಂ ಹತ್ರ ಪ್ರೋಟೀನ್ ಅದರಲ್ಲೇ ಇರುತ್ತೆ, ಪೊಟ್ಯಾಸಿಯಂ ಬಹಳಷ್ಟು ಆ ನೀರಿನ ಜೊತೆ ಹೋಗುತ್ತೆ. ಆ ನೀರನ್ನ ಚೆಲ್ಲೋಕೆ ಮನಸ್ಸು ಬರಲ್ಲ, ಸತ್ವ ಇದೆ ಅಂತ ನಾವು ಚಪಾತಿ ಹಿಟ್ಟಿಗೆ ಹಾಕ್ತೀವಿ, ಹಾಕಿ, ಆದ್ರೆ ಆ ಚಪಾತಿ ಬೇರೆಯವರು ತಿನ್ನಲಿ. ಪನೀರಲ್ಲಿ ಫಾಸ್ಫರಸ್ ಪೂರ್ತಿ ಹೋಗಿರಲ್ಲ, ಹಂಗಾಗಿ ಮೊಟ್ಟೆ ಬಿಳಿಗೆ ಸಮ ಅಲ್ಲ ಇದು. ಡಾಕ್ಟರು ಊಟದ ಫಾಸ್ಫರಸ್ ಮೈಗೆ ಹತ್ತದಂಗೆ ತಡೆಯೋ ಮಾತ್ರೆ ಬರೆದಿದ್ರೆ ಅದನ್ನ ಇಂಥ ತಿಂಡಿ ಜೊತೆಗೂ ತಗೋಬೇಕಾ ಅಂತ ಕೇಳ್ಕೊಳ್ಳಿ. ಆ ಮಾತ್ರೆ ಊಟದ ಜೊತೆಯೇ ಹೋಗ್ಬೇಕು, ಎರಡು ತಾಸು ಬಿಟ್ಟು ನುಂಗಿದ್ರೆ ನುಂಗಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಇವರು ಹಂಗೇ ಮಾಡಿ, ರಾತ್ರಿಯೆಲ್ಲಾ ಕಾಲು ಕೆರಕೊಂಡು ನಿದ್ದೆ ಇಲ್ಲದೆ ಒದ್ದಾಡಿದಾರೆ, ಫಾಸ್ಫರಸ್ ಏರಿದ್ರೆ ಮೈ ಕಡಿತ ಹಂಗಿರುತ್ತೆ.

ಅಂಗಡೀಲಿ ಸಿಗೋ ಚೀಸ್ ಸ್ಲೈಸ್ ಮಾತ್ರ ಪನೀರಿನ ಜಾಗಕ್ಕೆ ಬೇಡ. ಅದಕ್ಕೆ ಫಾಸ್ಫೇಟ್ ಉಪ್ಪು ಹಾಕಿರ್ತಾರೆ, ಬೇಳೆಕಾಳಿನ ಫಾಸ್ಫರಸ್ ಅರ್ಧಕ್ಕಿಂತ ಕಮ್ಮಿ ಮೈಗೆ ಹತ್ತುತ್ತೆ, ಈ ಫ್ಯಾಕ್ಟರಿದು ಹೆಚ್ಚುಕಮ್ಮಿ ಪೂರ್ತಿ ಹತ್ತುತ್ತೆ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ 338ರಿಂದ 341, ಇಲ್ಲಾ 450, 451, 452 ಅಂತ ನಂಬರ್ ಇದ್ರೆ ಅದೇ. ಕಪ್ಪು ಕೂಲ್‌ಡ್ರಿಂಕ್ಸ್‌ನಲ್ಲೂ 338 ಇರುತ್ತೆ. ನನ್ನ ಪರ್ಸಿನಲ್ಲಿ ಈ ನಂಬರ್ ಬರೆದ ಚೀಟಿ ಇದೆ, ಅಂಗಡಿಯವನು ನಾನು ಲಾಟರಿ ನಂಬರ್ ನೋಡ್ತಿದೀನಿ ಅಂದ್ಕೊಂಡಿದ್ದ.

ಇನ್ನು ಮಂಡಕ್ಕಿ. ನಮ್ಮದು ದಾವಣಗೆರೆ ಜಿಲ್ಲೆ, ಸಂಜೆ ಆದ್ರೆ ಮಂಡಕ್ಕಿ ಮೆಣಸಿನಕಾಯಿ ಬೇಕು, ಅದನ್ನ ಬಿಡಿ ಅಂದ್ರೆ ಊರು ಬಿಡಿ ಅಂದಂಗೆ. ಡಯಾಲಿಸಿಸ್ ಮುಗಿಸಿ ಬಂದ ದಿನ ಇವರು ಮಂಚದ ಮೇಲೆ ಒರಗಿಕೊಂಡು, ಮಾತಾಡೋಕೂ ಸುಸ್ತು, ಅಂಥದ್ರಲ್ಲೂ ಓಣಿ ತುದಿಯ ಬಂಡಿ ಮೆಣಸಿನಕಾಯಿ ಕರಿಯೋ ವಾಸನೆ ಬಂತು ಅಂದ್ರೆ ಕತ್ತು ಆ ಕಡೆ ತಿರುಗುತ್ತೆ. ಅದಕ್ಕೆ ನಾನು ಮಾಡ್ಕೊಂಡಿರೋ ದಾರಿ ಒಗ್ಗರಣೆ ಮಂಡಕ್ಕಿ. ಭಟ್ಟಿಯಲ್ಲಿ ಮಂಡಕ್ಕಿ ಮಾಡುವಾಗಲೇ ಅಕ್ಕಿಗೆ ಉಪ್ಪುನೀರು ಹಾಕಿರ್ತಾರೆ, ಹಂಗಾಗಿ ಒಣ ಮಂಡಕ್ಕಿ ಕೊಡಲ್ಲ, ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ತೆಗೀತೀನಿ, ಒಂದಿಷ್ಟು ಉಪ್ಪು ಆ ನೀರಿನ ಜೊತೆ ಹೋಗುತ್ತೆ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ. ಟೊಮೆಟೊ ಇಲ್ಲ. ಶೇಂಗಾ ಇಲ್ಲ, ಇಲ್ಲ ಅಂದ್ರೆ ನಾಕು ಕಾಳು, ಕಣ್ಣಿಗೆ ಕಾಣಲಿ ಅಂತ. ಪುಟಾಣಿ ಹಿಟ್ಟು ಹಿಡಿಗಟ್ಟಲೆ ಹಾಕೋ ಜಾಗದಲ್ಲಿ ಒಂದೇ ಚಮಚ ಹಾಕಿ, ಮಿಕ್ಕಿದ್ದಕ್ಕೆ ಮನೇಲಿ ಒಡೆದ ಪನೀರು ಪುಡಿ ಮಾಡಿ ಉದುರಿಸ್ತೀನಿ. ನಿಂಬೆಹಣ್ಣು ಹಿಂಡ್ತೀನಿ. ಪಕ್ಕಕ್ಕೆ ಒಂದೇ ಒಂದು ಮೆಣಸಿನಕಾಯಿ, ಸೋಡಾ ಉಪ್ಪು ಇಲ್ಲದ ಹಿಟ್ಟಲ್ಲಿ ಮನೇಲೇ ಕರಿದದ್ದು, ಅದೂ ಹದಿನೈದು ದಿನಕ್ಕೊಮ್ಮೆ. ಇದನ್ನ ನಮ್ಮತ್ತೆ ಸ್ವಂತ ಒಲೆ ಮೇಲೆ ಅವರೇ ಮಾಡಿಕೊಡ್ತಾರೆ, ಮಗನಿಗೆ ಅಂತ ಪನೀರು ನನಗಿಂತ ಜಾಸ್ತಿ ಹಾಕ್ತಾರೆ.

ಬೇಳೆ ಬಗ್ಗೆ ಎರಡು ಮಾತು. ಪೂರ್ತಿ ಬಿಡ್ಬೇಕು ಅನ್ನೋದು ಹಳೇ ಹೆದರಿಕೆ. ಹೆಸರುಬೇಳೆ ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಇನ್ನೊಂದ್ಸಲ ತೊಳೆದು, ಜಾಸ್ತಿ ನೀರಲ್ಲಿ ಬೇಯಿಸಿ ಬಸಿದ್ರೆ ಪೊಟ್ಯಾಸಿಯಂ ಒಂದಷ್ಟು ಇಳಿಯುತ್ತೆ. ಬಸಿದ ಕಟ್ಟಿನಲ್ಲಿ ಸಾರು ಮಾಡಿ ಮತ್ತೆ ಅವರಿಗೇ ಬಡಿಸಿದ್ರೆ ಮಾಡಿದ್ದೆಲ್ಲಾ ನೀರಲ್ಲಿ ಹೋಮ. ನಮಗೆ ವಾರಕ್ಕೆ ಮೂರು ದಿನ ಅಂತ ಹೇಳಿದಾರೆ, ಪೊಟ್ಯಾಸಿಯಂ ರಿಪೋರ್ಟ್ ನೋಡಿ ಹೆಚ್ಚುಕಮ್ಮಿ ಮಾಡ್ತಾರೆ, ನಿಮ್ಮ ಮನೇಲಿ ಎಷ್ಟು ಅನ್ನೋದು ನಿಮ್ಮ ಡಾಕ್ಟರು ಹೇಳ್ಬೇಕು, ನಾನಲ್ಲ. ಮೀನು ಕೋಳಿ ತಿನ್ನೋರಿಗೆ ಇಷ್ಟು ಕಷ್ಟ ಇಲ್ಲ, ಎರಡು ತುಂಡು ಮೀನು ಉಪ್ಪು ಕಮ್ಮಿ ಹಾಕಿ ಹುರಿದ್ರೆ ಆಯ್ತು, ಒಣಮೀನು ಮಾತ್ರ ಉಪ್ಪಿನ ಮೂಟೆ.

ಬೆಂಚ್ ಮೇಲೆ ನನ್ನ ಜೊತೆ ಕೂರೋರಲ್ಲಿ ಹರಪನಹಳ್ಳಿ ಕಡೆಯ ಅಕ್ಕ ಒಬ್ರು ಇದಾರೆ, ಅವರ ತಮ್ಮನಿಗೆ ಡಯಾಲಿಸಿಸ್. ಅವರು ಉಪ್ಪು ಕಮ್ಮಿ ಮಾಡಿ ಅಂದಿದ್ದಕ್ಕೆ ಅಂಗಡೀಲಿ ಕೇಳಿ ಲೋ ಸೋಡಿಯಂ ಉಪ್ಪು ತಂದು ದುಡ್ಡು ಜಾಸ್ತಿ ಕೊಟ್ಟು ಹಾಕ್ತಾ ಇದ್ರು, ಒಳ್ಳೇದೇ ಮಾಡ್ತಿದೀನಿ ಅಂತ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ರಿಪೋರ್ಟಲ್ಲಿ ಪೊಟ್ಯಾಸಿಯಂ ಏರಿದ್ದು ಯಾಕೆ ಅಂತ ಎಲ್ಲರೂ ಹಣ್ಣು ತರಕಾರಿ ಮೇಲೆ ಅನುಮಾನ ಪಟ್ರು, ಉಪ್ಪಿನ ಡಬ್ಬಿ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಇಂಥದ್ದನ್ನ ಬರೀರಿ ಸಾರ್ ನೀವು. ಮಲೆನಾಡಿನ ಕಡೆಯವರಿಗೆ ದಾರೆಹುಳಿ, ಅದೇ ಸ್ಟಾರ್ ಫ್ರೂಟ್, ಅದರ ಉಪ್ಪಿನಕಾಯಿ, ಜ್ಯೂಸು ಕಿಡ್ನಿ ಕೆಟ್ಟವರಿಗೆ ವಿಷ ಅಂತ ಬರೀರಿ, ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್ ತನಕ ಹೋಗುತ್ತೆ. ಅದು ಬಿಟ್ಟು ಪ್ರತಿ ಮಾರ್ಚ್ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ ಅಂತ "ಹೆಚ್ಚು ನೀರು ಕುಡಿಯಿರಿ" ಅಂತ ದಪ್ಪ ಅಕ್ಷರದಲ್ಲಿ ಹಾಕ್ತೀರಿ. ಕಲ್ಲು ಆಗೋರಿಗೆ ಅದು ಸರಿ. ನಮ್ಮನೆಯವರು ಅದನ್ನ ಓದಿ ಒಂದು ತಂಬಿಗೆ ನೀರು ಕುಡಿದು, ರಾತ್ರಿ ಉಸಿರು ಸಿಗದೆ ದಿಂಬು ಮೂರು ಪೇರಿಸಿ ಕೂತಿದ್ದು ನಮಗೆ ಗೊತ್ತು.

ಡಯಾಲಿಸಿಸ್ ಈಗ ದೊಡ್ಡೂರಿನವರಿಗೆ ಮಾತ್ರ ಅಂತ ಇಲ್ಲ. 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಅಂತ ಹೇಳಿದ ಮೇಲೆ ಜಿಲ್ಲಾಸ್ಪತ್ರೆಗಳಲ್ಲಿ, ನಮ್ಮ ರಾಜ್ಯದಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಬಡವರಿಗೆ ಪುಕ್ಕಟೆ ಆಗುತ್ತೆ, ಅದು ದೊಡ್ಡ ಉಪಕಾರ. ಮಿಷನ್ ಸಿಗ್ತು, ಆದ್ರೆ ಮನೆಗೆ ಹೋಗಿ ಏನು ತಿನ್ನಿಸ್ಬೇಕು ಅಂತ ಹೇಳೋರು ಎಲ್ಲಾ ಕಡೆ ಸಿಗಲ್ಲ. ವಾರ್ಡಲ್ಲಿ ನೋಡಿದ್ರೆ ಅರ್ಧ ಜನ ಟೀಯಲ್ಲಿ ಬಿಸ್ಕತ್ತು ಅದ್ದಿ ತಿಂತಿರ್ತಾರೆ. ಅದರಲ್ಲಿ ಪ್ರೋಟೀನ್ ಎಲ್ಲಿಂದ ಬರ್ಬೇಕು? ಮಿಷನ್ ಮೇಲಿರುವಾಗ ಹೊಟ್ಟೆ ತುಂಬ ತಿಂದ್ರೆ ಕೆಲವರಿಗೆ ಬಿಪಿ ಬಿದ್ದುಹೋಗುತ್ತೆ, ನಮ್ಮನೆಯವರಿಗೂ ಒಂದ್ಸಲ ಆಗಿದೆ, ಇಡ್ಲಿ ವಡೆ ತಿಂದು ಅರ್ಧ ತಾಸಿಗೆ ಕಣ್ಣು ಕತ್ತಲೆ ಬಂತು. ಹಂಗಾಗಿ ನಾನು ಪಡ್ಡು ಡಬ್ಬಿಗೆ ಹಾಕ್ಕೊಂಡು ಹೋಗಿ ಎಲ್ಲಾ ಮುಗಿದು ಸೂಜಿ ತೆಗೆದು ಸ್ವಲ್ಪ ಹೊತ್ತು ಕೂತ ಮೇಲೆ ಕೊಡ್ತೀನಿ. ಈಗ ಡಬ್ಬಿಯಲ್ಲಿ ಹದಿನಾಲ್ಕು ಇರುತ್ತೆ, ಏಳು ಇವರಿಗೆ, ಏಳು ಆ ಅಕ್ಕನ ತಮ್ಮನಿಗೆ. ಇವರ ಆಲ್ಬುಮಿನ್ ಹೋದ ತಿಂಗಳು 3.7 ಬಂದಿದೆ, ವಾಚು ಮತ್ತೆ ಮಣಿಕಟ್ಟಲ್ಲೇ ನಿಲ್ಲುತ್ತೆ. ಪಡ್ಡಿನಿಂದಲೇ ಆಯ್ತು ಅಂತ ನಾನು ಹೇಳಲ್ಲ, ಡಯಾಲಿಸಿಸ್ ತಪ್ಪಿಸಲ್ಲ, ಮಾತ್ರೆ ಊಟದ ಜೊತೆ ತಗೋತಾರೆ, ಎಲ್ಲಾ ಸೇರಿ ಆಗಿದೆ.

ನಾನು ಕೇಳೋದು ಇಷ್ಟೇ. ಕಿಡ್ನಿಯವರಿಗೆ ಅಂತ ಯಾವ ತಿಂಡಿ ಹಾಕಿದ್ರೂ ಮೇಲ್ಗಡೆ ಎರಡು ಸಾಲು ಹಾಕಿ, ಇದು ಡಯಾಲಿಸಿಸ್ ಆಗ್ತಿರೋರಿಗಾ, ಇನ್ನೂ ಶುರುವಾಗದೇ ಇರೋರಿಗಾ ಅಂತ. ಕಿಡ್ನಿ ಕಸಿ ಆದವರದ್ದು ಮತ್ತೆ ಬೇರೆ ಲೆಕ್ಕ. ಕೆಳಗಡೆ ಪ್ರೋಟೀನ್ ಎಷ್ಟು ಅಂತ ಹಾಕೋ ಜಾಗದಲ್ಲೇ ಪೊಟ್ಯಾಸಿಯಂ, ಫಾಸ್ಫರಸ್, ಉಪ್ಪು ಎಷ್ಟು ಅಂತಾನೂ ಹಾಕಿ, ಯಾರಾದ್ರೂ ಸರ್ಕಾರಿ ಆಸ್ಪತ್ರೆಯ ಆಹಾರತಜ್ಞರಿಗೆ ಒಂದ್ಸಲ ತೋರಿಸಿ ಆಮೇಲೆ ಪ್ರಿಂಟ್ ಮಾಡಿ. ಫೋಟೋ ಚೆನ್ನಾಗಿ ಬರುತ್ತೆ ಅಂತ ಡ್ರೈ ಫ್ರೂಟ್ಸ್ ಹಾಕ್ಬೇಡಿ, ಮೊಟ್ಟೆ ಬಿಳಿ ಫೋಟೋದಲ್ಲಿ ಏನೂ ಚೆನ್ನಾಗಿ ಕಾಣಲ್ಲ, ಗೊತ್ತು.

ಪತ್ರ ಉದ್ದ ಆಯ್ತು, ನಿಮ್ಮ ಜಾಗದಲ್ಲಿ ಹಿಡಿಯಲ್ಲ ಅಂತಾನೂ ಗೊತ್ತು. ಕತ್ತರಿ ಹಾಕೋದಾದ್ರೆ ನಮ್ಮತ್ತೆ ಕಥೆ ತೆಗೀರಿ, ಮಂಡಕ್ಕಿ ತೆಗೀರಿ, ಪಡ್ಡಿನ ಅಳತೆನೂ ಬೇಕಾದ್ರೆ ತೆಗೀರಿ, 0.6ರಿಂದ 0.8, ಡಯಾಲಿಸಿಸ್ ಆದ ಮೇಲೆ 1ರಿಂದ 1.2 ಅನ್ನೋ ಆ ಸಾಲು ಮಾತ್ರ ಬಿಡಬೇಡಿ. ಯಾರಾದ್ರೂ ಕತ್ತರಿಸಿ ಬಾಗಿಲ ಹಿಂದೆ ಅಂಟಿಸ್ತಾರೆ.

ಇಂತಿ,
ನಿಮ್ಮ ಓದುಗಳು
ಹರಿಹರ, ದಾವಣಗೆರೆ ಜಿಲ್ಲೆ